ನನ್ನ ಓವರ್‌ಫ್ಲೋ ಪೈಪಿಗೆ ಬೇರೆಯವರ ಪೇಟೆಂಟ್ ಅರ್ಜಿ: ಏನು ಮಾಡಲಿ?

ಕುಣಿಗಲ್_ಕೋಡಿ:

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ನಾನು ಮನೆಯಲ್ಲಿ ಮಾಡಿಕೊಂಡ ಒಂದು ಪೈಪಿನ ಜೋಡಣೆಗೆ ಇನ್ನೊಬ್ಬರು ಪೇಟೆಂಟ್ ಕೇಳಿದ್ದಾರಂತೆ. ಇನ್ನು ಮುಂದೆ ಅದನ್ನು ಯಾರೂ ಮಾಡಬಾರದು ಅನ್ನುತ್ತಿದ್ದಾರೆ. ಹಾಗೆ ಹೇಳುವ ಹಕ್ಕು ಅವರಿಗೆ ಇದೆಯೇ?

ಮೊದಲು ಟ್ಯಾಂಕಿನ ವಿಚಾರ ಹೇಳುತ್ತೇನೆ. ಬೆಂಗಳೂರಿನಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಹಾಲ್‌ನಲ್ಲಿ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಉಪ್ಪುನೀರಿನ ಟ್ಯಾಂಕ್. ಸುಮಾರು 450 ಲೀಟರ್ ಹಿಡಿಯುತ್ತದೆ. ಎರಡು ಕ್ಲೌನ್ ಮೀನು, ಒಂದು ಹಳದಿ ಟ್ಯಾಂಗ್, ಒಂದಷ್ಟು ಬಸವನಹುಳು. ಕೆಳಗೆ ಸ್ಟ್ಯಾಂಡ್ ಒಳಗೆ ಸಂಪ್ ಇದೆ. ಸಂಪ್ ಅಂದರೆ ಅಂಗಳದ ಕಾವೇರಿ ನೀರಿನ ಸಂಪ್ ಅಲ್ಲ, ಫಿಲ್ಟರ್, ಹೀಟರ್, ಪಂಪ್ ಎಲ್ಲ ಇಟ್ಟಿರುವ ಇನ್ನೊಂದು ಗಾಜಿನ ತೊಟ್ಟಿ. ಪಂಪ್ ನೀರನ್ನು ಮೇಲೆ ಎತ್ತುತ್ತದೆ. ಮೇಲಿನ ಟ್ಯಾಂಕಿನ ಮೂಲೆಯಲ್ಲಿ ಹಲ್ಲುಹಲ್ಲಾದ ಒಂದು ತಡೆ ಇದೆ. ಕೆರೆ ತುಂಬಿದರೆ ಕೋಡಿ ಹರಿಯುತ್ತದೆ ಅಲ್ವಾ, ಹಾಗೆ ಜಾಸ್ತಿಯಾದ ನೀರು ಆ ತಡೆ ದಾಟಿ ಹಿಂದಿನ ಡಬ್ಬಕ್ಕೆ ಬೀಳುತ್ತದೆ, ಅಲ್ಲಿಂದ ಪೈಪಿನಲ್ಲಿ ಸಂಪಿಗೆ ಇಳಿಯುತ್ತದೆ.

ಶುರುವಿನಲ್ಲಿ ಒಂದೇ ಪೈಪ್ ಇತ್ತು, ಅದರ ತಲೆಗೆ ಟೀ (ಮೂರು ಬಾಯಿಯ T ಆಕಾರದ ಪೈಪಿನ ತುಂಡು), ಅದಕ್ಕೆ ಕೆಳಮುಖದ ಎಲ್ಬೋ, ಅಂದರೆ ಬಾಗಿದ ತುಂಡು. ಡರ್ಸೊ ಪೈಪ್ ಅಂತಾರೆ. 2021ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಬಸವನಹುಳು ಹೋಗಿ ಎಲ್ಬೋ ಬಾಯಿಗೆ ಕೂತುಬಿಟ್ಟಿತು. ಪೈಪು ಕಟ್ಟಿಕೊಂಡಿದ್ದು ಕೆಳಗಿನ ಪಂಪಿಗೆ ಹೇಗೆ ಗೊತ್ತಾಗಬೇಕು? ತನ್ನ ಕಡೆಯ ನೀರು ಮುಗಿಯುವ ತನಕ ಎತ್ತುತ್ತಲೇ ಇತ್ತು. ಸುಮಾರು 35 ಲೀಟರ್ ನೆಲಕ್ಕೆ ಬಂತು. ಬೆಳಗಿನ ಜಾವ ನಾಲ್ಕಕ್ಕೆ ಕೆಳಗಿನ ಮನೆಯ ಓನರ್ ಆಂಟಿ ಬಂದು ಬಾಗಿಲು ಬಡಿದರು. ಅವರ ದೇವರ ಕೋಣೆಯ ಮಾಳಿಗೆಯಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ನಾನೂ ನನ್ನ ಹೆಂಡತಿಯೂ ಮನೆಯಲ್ಲಿದ್ದ ಎಲ್ಲ ಟವೆಲ್, ಬೆಡ್‌ಶೀಟ್ ತಂದು ಒರೆಸಿದೆವು. ಆಂಟಿ ಬೈಯಲಿಲ್ಲ. ಆದರೆ ಆ ವಾರವೆಲ್ಲ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಓದಿ ಓದಿ ಮೂರು ಪೈಪಿನ ಜೋಡಣೆಗೆ ಬಂದೆ. ಬೀನ್‌ಆ್ಯನಿಮಲ್ ಅನ್ನುವ ಹೆಸರಿನ ಹವ್ಯಾಸಿ ಅಮೆರಿಕದಲ್ಲಿ ಮಾಡಿ, ಅಳತೆ ಸಮೇತ ಎಲ್ಲರಿಗೂ ಕೊಟ್ಟಿದ್ದು. ಮೊದಲ ಪೈಪ್ ಪೂರ್ತಿ ಸೈಫನ್. ಅಂದರೆ ಅದರಲ್ಲಿ ಗಾಳಿಯೇ ಇಲ್ಲ, ಪೈಪ್ ತುಂಬ ನೀರೇ ಇದ್ದು ಮೇಲಿನ ನೀರನ್ನು ಎಳೆದುಕೊಂಡು ಇಳಿಯುತ್ತದೆ, ಕೆಳಗಿನ ಗೇಟ್ ವಾಲ್ವ್‌ನಿಂದ ಹರಿವು ಹಿಡಿದಿಡುತ್ತೇವೆ. ಎರಡನೆಯದು ತೆರೆದ ಪೈಪ್. ಅದರಲ್ಲಿ ಮಾಮೂಲಾಗಿ ಸ್ವಲ್ಪವೇ ನೀರು, ಉಳಿದದ್ದು ಗಾಳಿ. ಮೂರನೆಯದು ಸುಮ್ನೆ ಒಣಗಿ ನಿಂತಿರುತ್ತದೆ, ಆಪತ್ತಿಗೆ. ಇದರಲ್ಲಿ ಜಾಣತನ ಇರುವುದು ಎರಡನೇ ಪೈಪಿನಲ್ಲಿ. ಅದರ ನೆತ್ತಿಯಿಂದ ಗಾಳಿಯ ಸಣ್ಣ ಟ್ಯೂಬ್ ಹೊರಟು, ಬಾಗಿ, ನೀರಿನ ಮಟ್ಟಕ್ಕಿಂತ ತುಸು ಮೇಲೆ ನಿಲ್ಲುತ್ತದೆ. ಮೊದಲ ಪೈಪ್ ಕಟ್ಟಿಕೊಂಡರೆ ಡಬ್ಬದಲ್ಲಿ ನೀರು ಏರುತ್ತದೆ, ಟ್ಯೂಬಿನ ಬಾಯಿ ಮುಳುಗುತ್ತದೆ, ಗಾಳಿ ನಿಲ್ಲುತ್ತದೆ, ಎರಡನೇ ಪೈಪೂ ಸೈಫನ್ ಆಗಿಬಿಡುತ್ತದೆ. ಮೋಟರ್ ಬೇಡ, ಸೆನ್ಸರ್ ಬೇಡ, ಕರೆಂಟ್ ಬೇಡ.

ಇದು ನನಗೆ ಇಷ್ಟವಾಗಲು ಒಂದು ಕಾರಣ ಇದೆ. ನಮ್ಮ ಊರು ಕುಣಿಗಲ್ ಕಡೆ. ಮಾರ್ಕೋನಹಳ್ಳಿ ಡ್ಯಾಂ ತುಂಬಿದ ವರ್ಷ ಅಪ್ಪ ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಅಲ್ಲಿ ಸೈಫನ್ ಇದೆ. ಶಿಂಷಾ ನೀರು ಒಂದು ಮಟ್ಟ ಮುಟ್ಟಿತು ಅಂದರೆ ಯಾರೂ ಗೇಟ್ ಎತ್ತಬೇಕಾಗಿಲ್ಲ, ತಾನಾಗಿಯೇ ಹೊರಡುತ್ತದೆ. ಏಳೆಂಟು ವರ್ಷದ ಹುಡುಗ ನಾನು. ನೀರಿಗೆ ಯಾರು ಹೇಳಿದರು ಅಂತ ಅಪ್ಪನನ್ನು ಕೇಳುತ್ತಿದ್ದೆ.

ಈಗ ನಾನು ಮಾಡಿದ ಸಣ್ಣ ಬದಲಾವಣೆ. ಉಪ್ಪುನೀರಿನ ಟ್ಯಾಂಕ್ ಇರುವವರಿಗೆ ಗೊತ್ತು, ಹನಿ ಸಿಡಿದ ಕಡೆಯೆಲ್ಲ ಉಪ್ಪು ಕಟ್ಟುತ್ತದೆ. ಆ 6 ಎಂಎಂ ಟ್ಯೂಬಿನ ಬಾಯಿ ಎರಡು ತಿಂಗಳಿಗೆ ಮುಚ್ಚಿಹೋಗುತ್ತಿತ್ತು. ಮುಚ್ಚಿದರೆ ತೆರೆದ ಪೈಪ್ ಸುಳ್ಳುಸುಳ್ಳೇ ಸೈಫನ್ ಹಿಡಿಯುತ್ತದೆ, ಡಬ್ಬ ಖಾಲಿ ಮಾಡುತ್ತದೆ, ಗೊರ್ ಅಂತ ಗಾಳಿ ಎಳೆಯುತ್ತದೆ, ಮತ್ತೆ ತುಂಬುತ್ತದೆ. ರಾತ್ರಿಯೆಲ್ಲ ಇದೇ ಸದ್ದು. ಅಪ್ಪನ ತೆಂಗಿನ ತೋಟದ ಡ್ರಿಪ್ ಸಾಮಾನಿನ ಚೀಲದಲ್ಲಿ ರಬ್ಬರ್ ಗ್ರೋಮೆಟ್ ಇತ್ತು, ತೂತಿಗೆ ಬಿಗಿಯಾಗಿ ಕೂರುವ ರಬ್ಬರ್ ಬಳೆ. ಅದನ್ನು ಪೈಪಿನ ತಲೆಯ ಕ್ಯಾಪಿಗೆ ಕೂರಿಸಿ, ಟ್ಯೂಬನ್ನು ಅದರಲ್ಲಿ ತೂರಿಸಿದೆ. ಈಗ ಟ್ಯೂಬನ್ನು ಕೈಯಲ್ಲೇ ಮೇಲೆ ಕೆಳಗೆ ಜಾರಿಸಿ ಯಾವ ಮಟ್ಟಕ್ಕೆ ಸೈಫನ್ ಹಿಡಿಯಬೇಕು ಅಂತ ನಿಲ್ಲಿಸಬಹುದು. ಟ್ಯೂಬಿನ ಇನ್ನೊಂದು ತುದಿಗೆ 40 ಎಂಎಂ ಎಂಡ್ ಕ್ಯಾಪನ್ನು ಬೋರಲು ಹಾಕಿದೆ, ಲೋಟ ಕವುಚಿದ ಹಾಗೆ. ಟ್ಯೂಬಿನ ಬಾಯಿ ಅದರೊಳಗೆ ಬೆಚ್ಚಗೆ ಇರುತ್ತದೆ, ಹನಿ ತಾಗುವುದಿಲ್ಲ. ಕ್ಯಾಪಿನ ಬಾಯಿ ಅಗಲ, ಅದು ಉಪ್ಪಿಗೆ ಮುಚ್ಚುವುದಿಲ್ಲ. ಇಷ್ಟೇ. ಖರ್ಚು ನೂರು ರೂಪಾಯಿ ಒಳಗೆ. ಮೂರು ವರ್ಷ ಒಂದು ಸಲವೂ ಕಟ್ಟಿಕೊಂಡಿಲ್ಲ.

2022ರ ಮಾರ್ಚ್‌ನಲ್ಲಿ ಚಿತ್ರ ಬರೆದು, 11 ಫೋಟೋ ತೆಗೆದು, ನಮ್ಮ ಮೀನು ಸಾಕುವವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಸುಮಾರು 180 ಜನ ಇದ್ದಾರೆ. ಏಳೆಂಟು ಜನ ಮಾಡಿಕೊಂಡರು. ಆ ವರ್ಷ ನವೆಂಬರ್‌ನಲ್ಲಿ ಟ್ಯಾಂಕ್ ಮಾಡಿಕೊಡುವ ಒಬ್ಬರು ಮನೆಗೆ ಬಂದರು. ಹೆಸರು ಬೇಡ. ಕಾಫಿ ಕುಡಿದರು, ಟೇಪ್ ಹಿಡಿದು ಅಳತೆ ತೆಗೆದುಕೊಂಡರು, ನಾನೇ ಬಿಚ್ಚಿ ತೋರಿಸಿದೆ. ಹೋದ ತಿಂಗಳು ನೋಡಿದರೆ ಅದೇ ವಸ್ತು ಡಬ್ಬಿಯಲ್ಲಿ, ಮೇಲೆ ಪೇಟೆಂಟ್ ಪೆಂಡಿಂಗ್ ಅಂತ ಚೀಟಿ. ಗುಂಪಿನ ಹುಡುಗನೊಬ್ಬ ಸ್ನೇಹಿತರಿಗೆ ಮೂರು ಮಾಡಿಕೊಟ್ಟಿದ್ದ. ಅವನಿಗೆ ಫೋನ್ ಮಾಡಿ, ನಮ್ಮ ಲೈಸೆನ್ಸ್ ಇಲ್ಲದೆ ಮಾಡಬೇಡ, ನೋಟಿಸ್ ಬರುತ್ತದೆ ಅಂದಿದ್ದಾರೆ. ಹುಡುಗ ಹೆದರಿ ನಿಲ್ಲಿಸಿಬಿಟ್ಟಿದ್ದಾನೆ.

ನನಗೆ ದುಡ್ಡು ಬೇಡ. ಮೂರು ಪೈಪ್ ನನಗೆ ಪುಕ್ಕಟೆ ಬಂದಿದ್ದು. ಅದರ ಮೇಲೆ ನಾನಿಟ್ಟ ಒಂದು ಕ್ಯಾಪೂ ಹಾಗೆಯೇ ಇರಬೇಕು. ಏನು ಮಾಡಬೇಕು ಹೇಳಿ.

ನೀರುಗಂಟಿ:

ತಮ್ಮಾ, ಓದಿ ಸಂಕಟ ಆಯಿತು. ನಾನು ಮೈಸೂರಿನವನು. ಮಧ್ಯೆ ಹದಿನೇಳು ವರ್ಷ ನ್ಯೂಜೆರ್ಸಿಯಲ್ಲಿದ್ದೆ. ಮೊದಲ ಉಪ್ಪುನೀರಿನ ಟ್ಯಾಂಕ್ ಅಲ್ಲಿಯೇ ಬೇಸ್‌ಮೆಂಟಿನಲ್ಲಿ ಇಟ್ಟಿದ್ದು. ಈ ಪೈಪುಗಳು ಒಂದೊಂದಾಗಿ ಬಂದದ್ದನ್ನು ನೋಡಿದವನು, ಅದಕ್ಕೇ ಬರೆಯುತ್ತಿದ್ದೇನೆ.

ಆಗೆಲ್ಲ ಡಬ್ಬದಲ್ಲಿ ನೆಟ್ಟಗೆ ನಿಲ್ಲಿಸಿದ ಬರೀ ಪೈಪ್. ನೀರು ಬೀಳುವಾಗ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಒಂದು ಕ್ಷಣ ಸೈಫನ್ ಹಿಡಿಯುತ್ತದೆ, ಮರುಕ್ಷಣ ಬಿಡುತ್ತದೆ. ಟಾಯ್ಲೆಟ್ ಫ್ಲಶ್ ಮಾಡಿದ ಸದ್ದು, ದಿನಪೂರ್ತಿ. ರಿಚರ್ಡ್ ಡರ್ಸೊ ಅನ್ನುವ ಹವ್ಯಾಸಿ ಪೈಪಿನ ತಲೆಗೆ ಟೀ ಹಾಕಿ, ನೀರು ಒಳಗೆ ಬರುವ ಬಾಯನ್ನು ನೀರಿನ ಮಟ್ಟದ ಕೆಳಗೆ ತಿರುಗಿಸಿ, ಮೇಲಿನ ಕ್ಯಾಪಿಗೆ ಒಂದು ಸಣ್ಣ ತೂತು ಕೊರೆದರು. ನೀರು ಪೈಪಿನ ಗೋಡೆ ಹಿಡಿದು ಇಳಿಯುತ್ತದೆ, ನಡುವೆ ಗಾಳಿ. ಆ ತೂತು ಎಷ್ಟು ದೊಡ್ಡದಿರಬೇಕು ಅನ್ನುವುದರಲ್ಲೇ ಎಲ್ಲ ಇತ್ತು. ನಾವು ಸಣ್ಣ ಡ್ರಿಲ್ ಬಿಟ್ಟಿನಿಂದ ಶುರುಮಾಡಿ, ಸದ್ದು ಕೇಳಿ, ಇನ್ನೊಂದು ಸೈಜ್ ಕೊರೆದು, ಮತ್ತೆ ಕೇಳುತ್ತಿದ್ದೆವು. ಜಾಸ್ತಿ ಕೊರೆದರೆ ಟೇಪ್ ಅಂಟಿಸಿ ಮತ್ತೆ ಶುರು. ಡರ್ಸೊ ಅದನ್ನು ಬಚ್ಚಿಡಲಿಲ್ಲ. ಹೇಗೆ ಮಾಡಬೇಕು ಅಂತ ಚಿತ್ರ ಸಮೇತ ಬರೆದು ಇಟ್ಟರು.

ಆಮೇಲೆ ಹರ್ಬಿ ಅನ್ನುವ ಹೆಸರಿನಲ್ಲಿ ಬರೆಯುತ್ತಿದ್ದವರ ಎರಡು ಪೈಪಿನ ಜೋಡಣೆ. ಗಾಳಿ ಸೇರಿದರೆ ತಾನೇ ಸದ್ದು? ಹಾಗಾದರೆ ಗಾಳಿಯೇ ಬೇಡ ಅಂತ. ಒಂದು ಪೈಪ್ ಪೂರ್ತಿ ಸೈಫನ್, ಕೆಳಗೆ ವಾಲ್ವ್. ಇನ್ನೊಂದು ಎತ್ತರದ ಪೈಪ್ ಆಪತ್ತಿಗೆ. ನಾನು ಇದನ್ನು ಹಾಕಿದ ಮೊದಲ ರಾತ್ರಿ ಪಂಪ್ ನಿಂತುಹೋಗಿದೆ ಅಂದುಕೊಂಡು ಎದ್ದು ಹೋಗಿ ನೋಡಿದೆ. ಅಷ್ಟು ಮೌನ. ಬಾಲ್ ವಾಲ್ವ್ ಹಾಕಿ ಒಂದು ವಾರ ಒದ್ದಾಡಿದೆ. ಕೂದಲೆಳೆ ತಿರುಗಿಸಿದರೂ ನೀರಿನ ಮಟ್ಟ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಗೇಟ್ ವಾಲ್ವ್ ಹಾಕಿದ ಮೇಲೆ ಸರಿಹೋಯಿತು. ಅದರಲ್ಲಿ ತಿರುಗಣೆ ಎಷ್ಟೋ ಸುತ್ತು ಬರುತ್ತದೆ, ಸಣ್ಣ ವ್ಯತ್ಯಾಸ ಮಾಡಲು ಬರುತ್ತದೆ. ಬೀನ್‌ಆ್ಯನಿಮಲ್ ಬಂದು ಇವೆರಡನ್ನೂ ಸೇರಿಸಿ, ನೀವು ಹೇಳಿದ ಗಾಳಿ ಟ್ಯೂಬ್ ಕೊಟ್ಟು, ಮೂರು ಪೈಪ್ ಮಾಡಿದರು. ಒಬ್ಬರ ಹೆಗಲ ಮೇಲೆ ಇನ್ನೊಬ್ಬರು. ಎಲ್ಲವೂ ಹೆಸರಿನಿಂದ ಉಳಿದಿವೆ, ಅದೇ ಅವರಿಗೆ ಸಿಕ್ಕ ಸಂಭಾವನೆ.

ಈ ಹವ್ಯಾಸದಲ್ಲಿ ಪೇಟೆಂಟ್ ಇಲ್ಲವೇ ಇಲ್ಲ ಅಂತಲ್ಲ. ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಆಡೆ ಪಾಚಿಯಿಂದ ನೀರು ಶುದ್ಧ ಮಾಡುವ ವಿಧಾನಕ್ಕೆ 1982ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಅದರ ಅವಧಿ ಮುಗಿದು ಎಷ್ಟೋ ವರ್ಷವಾಯಿತು, ಈಗ ಜನ ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಅದು ಸ್ವಂತ ಸಂಶೋಧನೆ, ಅದರ ಬಗ್ಗೆ ನನ್ನ ತಕರಾರಿಲ್ಲ. ನಮಗೆಲ್ಲ ಚುರುಕು ಮುಟ್ಟಿದ್ದು ಎಲ್‌ಇಡಿ ಲೈಟಿನ ವಿಷಯದಲ್ಲಿ. ಆರ್ಬಿಟೆಕ್ ಅನ್ನುವ ಕಂಪನಿಗೆ 2007ರಲ್ಲಿ ಉಪ್ಪುನೀರಿನ ಅಕ್ವೇರಿಯಂಗಳ ಎಲ್‌ಇಡಿ ಬೆಳಕಿನ ಮೇಲೆ ಪೇಟೆಂಟ್ ಸಿಕ್ಕಿತು. ಪಿಎಫ್‌ಒ ಕಂಪನಿ ಸೊಲಾರಿಸ್ ಅಂತ ಲೈಟ್ ಮಾರುತ್ತಿತ್ತು, ಅದು ಮಾರಾಟ ನಿಲ್ಲಿಸಬೇಕಾಯಿತು. ಆಗ ಹವ್ಯಾಸಿಗಳು ಹಳೆಯ ಬರಹ, ಹಳೆಯ ಫೋಟೋ ಹುಡುಕಲು ಕೂತದ್ದು ನೆನಪಿದೆ. ಇದು ನಾವು ಮೊದಲೇ ಮಾಡಿದ್ದಲ್ಲವೇ ಅಂತ ಎಲ್ಲರ ಬಾಯಲ್ಲೂ. ತಾರೀಖು ಇರುವ ಕಾಗದ ಎಷ್ಟು ಮುಖ್ಯ ಅಂತ ನನಗೆ ಗೊತ್ತಾಗಿದ್ದು ಆಗಲೇ.

ಮಾರ್ಕೋನಹಳ್ಳಿ ಹೆಸರು ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರು ತುಂಬ ಇಳಿದಾಗ ಹಳೆಯ ಹಿರೇಭಾಸ್ಕರ ಅಣೆಕಟ್ಟು ಕಾಣಿಸುತ್ತದೆ, ಮಡೆನೂರು ಡ್ಯಾಂ ಅಂತಾರೆ. ಅದರಲ್ಲಿ ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ ಅಯ್ಯರ್ ಅವರ ವೊಲ್ಯೂಟ್ ಸೈಫನ್‌ಗಳಿವೆ. ದೊಡ್ಡ ಆಲಿಕೆ, ಅದರ ಅಂಚಿನಲ್ಲಿ ಬಾಗಿದ ರೆಕ್ಕೆಗಳು. ನೀರು ಅದರ ಮೇಲೆ ಸುತ್ತುತ್ತಾ ಇಳಿಯುತ್ತದೆ. ಆ ಸುಳಿ ಒಳಗಿನ ಗಾಳಿಯನ್ನು ಕೆಳಗೆ ಎಳೆದೊಯ್ಯುತ್ತದೆ. ಗಾಳಿ ಹೋದ ಕೂಡಲೇ ಪೂರ್ತಿ ಸೈಫನ್. ನಿಮ್ಮ ಡಬ್ಬದಲ್ಲೂ ಅದೇ ಲೆಕ್ಕ: ಗಾಳಿ ಯಾವಾಗ ಹೋಗಬೇಕು, ಯಾವಾಗ ಬರಬೇಕು. ಒಮ್ಮೆ ಹೋಗಿ ನೋಡಿ, ಅಪ್ಪನನ್ನೂ ಕರೆದುಕೊಂಡು ಹೋಗಿ.

ಕಾನೂನು ನನಗೆ ತಿಳಿಯದು. ಇಲ್ಲಿ ತಿಳಿದವರಿದ್ದಾರೆ, ಅವರು ಹೇಳಲಿ.

ಹಸಿರು_ಶಾಯಿ:

ನಾನು ಪೇಟೆಂಟ್ ಏಜೆಂಟರ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ನಾನು ವಕೀಲೆ ಅಲ್ಲ, ಆದರೆ ಈ ಫೈಲುಗಳೇ ನನ್ನ ದಿನದ ಕೆಲಸ.

ಮೊದಲು ಆ ಹುಡುಗನಿಗೆ ಹೆದರಬೇಡ ಅಂತ ಹೇಳಿ. ಪೇಟೆಂಟ್ ಪೆಂಡಿಂಗ್ ಅಂದರೆ ಅರ್ಜಿ ಹಾಕಿದ್ದಾರೆ ಅಂತ ಅಷ್ಟೇ. ನಮ್ಮ 1970ರ ಪೇಟೆಂಟ್ ಕಾಯ್ದೆಯ ಪ್ರಕಾರ ಪೇಟೆಂಟ್ ಮಂಜೂರಾಗುವ ತನಕ ಯಾರ ಮೇಲೂ ಉಲ್ಲಂಘನೆಯ ದಾವೆ ಹೂಡಲು ಬರುವುದಿಲ್ಲ. ಮಂಜೂರಾದರೆ ಮಾತ್ರ, ಅರ್ಜಿ ಪ್ರಕಟವಾದ ದಿನದಿಂದ ಆದದ್ದಕ್ಕೆ ಪರಿಹಾರ ಕೇಳಬಹುದು. ಹಾಗಾಗಿ ಪೂರ್ತಿ ಕಡೆಗಣಿಸುವ ವಿಷಯವೂ ಅಲ್ಲ. ಇನ್ನು, ಅರ್ಜಿಯನ್ನೇ ಹಾಕದೆ ಆ ಚೀಟಿ ಅಂಟಿಸಿದ್ದರೆ ಅದೇ ತಪ್ಪು, ಸೆಕ್ಷನ್ 120ರಲ್ಲಿ ದಂಡ ಇದೆ. ಆದ್ದರಿಂದ ಅರ್ಜಿ ಇದೆಯೇ ಅಂತ ಮೊದಲು ನೋಡಿ. ಭಾರತೀಯ ಪೇಟೆಂಟ್ ಕಚೇರಿಯ ತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆ ಹುಡುಕಬಹುದು. ಅರ್ಜಿದಾರರ ಹೆಸರು ಹಾಕಿ. ಸಾಮಾನ್ಯವಾಗಿ ಅರ್ಜಿ ಹಾಕಿ 18 ತಿಂಗಳಾದ ಮೇಲೆ ಪ್ರಕಟವಾಗುತ್ತದೆ. ಅದಕ್ಕೆ ಮೊದಲು ಕಾಣಿಸುವುದಿಲ್ಲ.

ಸಿಕ್ಕರೆ, ಹೆಸರು, ಚಿತ್ರ ನೋಡಿ ಗಾಬರಿಯಾಗಬೇಡಿ. ಕ್ಲೇಮ್ ಅನ್ನುವ ಭಾಗ ಓದಿ, ನಂಬರ್ ಹಾಕಿರುತ್ತಾರೆ. ಹಕ್ಕು ಕೇಳುವುದು ಅಲ್ಲಿ. ಜಮೀನಿಗೆ ಚೆಕ್ಕುಬಂದಿ ಇದ್ದ ಹಾಗೆ. ಪೂರ್ವಕ್ಕೆ ಯಾರದು, ಪಶ್ಚಿಮಕ್ಕೆ ಯಾರದು ಅಂತ ಬರೆದಿರುತ್ತದಲ್ಲ, ಅದೇ ರೀತಿ ಪ್ರತಿಯೊಂದು ಪದವೂ ಒಂದು ಬೇಲಿ. ಬೀನ್‌ಆ್ಯನಿಮಲ್‌ನ ಗಾಳಿ ಟ್ಯೂಬನ್ನೇ ಸೇರಿಸಿ ದೊಡ್ಡ ಬೇಲಿ ಹಾಕಿದ್ದರೆ ಅದು ಸುಲಭವಾಗಿ ಬೀಳುತ್ತದೆ, ಅದು ಎಷ್ಟೋ ವರ್ಷದಿಂದ ಜಗತ್ತಿಗೆಲ್ಲ ಗೊತ್ತಿದೆ. ಜಾರುವ ಟ್ಯೂಬ್, ಬೋರಲು ಕ್ಯಾಪ್ ಇಷ್ಟನ್ನೇ ಕೇಳಿದ್ದರೆ ನಿಮ್ಮ ಸಾಕ್ಷಿ ಬೇಕಾಗುತ್ತದೆ.

ದಾರಿ ಹೀಗಿದೆ. ಪ್ರಕಟವಾದ ಮೇಲೆ, ಮಂಜೂರಾಗುವ ಮೊದಲು, ಯಾವ ವ್ಯಕ್ತಿ ಬೇಕಾದರೂ ಸೆಕ್ಷನ್ 25(1)ರ ಕೆಳಗೆ ಆಕ್ಷೇಪಣೆ ಹಾಕಬಹುದು. ಫಾರಂ 7ಎ. ಮೊದಲು ಶುಲ್ಕ ಇರಲಿಲ್ಲ, 2024ರ ನಿಯಮದಿಂದ ಇದೆ. ಅದರಲ್ಲಿ ಹುರುಳಿದೆಯೇ ಅಂತ ಕಂಟ್ರೋಲರ್, ಅಂದರೆ ಪೇಟೆಂಟ್ ಕಚೇರಿಯ ಅಧಿಕಾರಿ, ಮೊದಲು ನೋಡುತ್ತಾರೆ. ನಿಮಗೆ ಮೂರು ಆಧಾರ ಇವೆ: ಇದು ಮೊದಲೇ ಪ್ರಕಟವಾಗಿದೆ, ಭಾರತದಲ್ಲಿ ಮೊದಲೇ ಬಳಕೆಯಲ್ಲಿದೆ, ಮತ್ತು ನಿಮ್ಮಿಂದ ತಪ್ಪಾಗಿ ಪಡೆದದ್ದು. ಜೊತೆಗೆ ಸೆಕ್ಷನ್ 3(ಎಫ್) ಇದೆ. ಗೊತ್ತಿರುವ ವಸ್ತುಗಳನ್ನು ಸುಮ್ನೆ ಪಕ್ಕಪಕ್ಕ ಜೋಡಿಸಿ, ಪ್ರತಿಯೊಂದೂ ತನ್ನ ಮಾಮೂಲಿ ಕೆಲಸ ಮಾಡುತ್ತಿದ್ದರೆ ಅದು ಆವಿಷ್ಕಾರವೇ ಅಲ್ಲ. ಮಂಜೂರಾಗಿಬಿಟ್ಟರೂ ಒಂದು ವರ್ಷದೊಳಗೆ ಆಕ್ಷೇಪಣೆಗೆ ಅವಕಾಶ ಇದೆ, ಆದರೆ ಆಗ ನಿಮಗೆ ಸಂಬಂಧ ಇದೆ ಅಂತ ತೋರಿಸಬೇಕು. ಆಮೇಲಿನದು ಹೈಕೋರ್ಟ್, ಖರ್ಚು ಜಾಸ್ತಿ. ಅದಕ್ಕೇ ಈಗಲೇ ಮಾಡಿ.

ಒಂದು ವಿಷಯ ಖಂಡಿತವಾಗಿ ಹೇಳಬೇಕು. ವಾಟ್ಸಾಪ್ ಗುಂಪಿನ ಮೇಲೆ ಪೂರ್ತಿ ಭಾರ ಹಾಕಬೇಡಿ. ಅದು ಮುಚ್ಚಿದ ಗುಂಪು, ಪ್ರಕಟಣೆ ಹೇಗಾಗುತ್ತದೆ ಅಂತ ಅವರು ವಾದಿಸುತ್ತಾರೆ. ಗುಟ್ಟು ಕಾಪಾಡಬೇಕು ಅಂತ ಯಾರಿಗೂ ಹೇಳಿರಲಿಲ್ಲ ಅಂತ ನೀವು ವಾದಿಸಬಹುದು. ಇಬ್ಬರ ಮಾತಿಗೂ ಬಲ ಇದೆ. ಸಾರ್ವಜನಿಕರು ನೋಡಬಹುದಾದ ಜಾಗದಲ್ಲಿ, ತಾರೀಖಿನ ಜೊತೆ ಏನಾದರೂ ಇದೆಯೇ? ವಿಡಿಯೋ? ಬೇರೆ ಎಲ್ಲಾದರೂ ಕೂರಿಸಿದ್ದೀರಾ?

ಗಾಜು_ಅಂಟು:

ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ, ನಾನು ಸ್ವಲ್ಪ ಬೇರೆ ಹೇಳುತ್ತೇನೆ. ತುಮಕೂರಿನಲ್ಲಿ ಟ್ಯಾಂಕ್ ಮಾಡುವವನು ನಾನು. ಈ ಅಣ್ಣನ ಮನೆಗೆ ಬಂದು ಕಾಫಿ ಕುಡಿದು ಹೀಗೆ ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪೇಟೆಂಟ್ ಅಂದರೇ ಕಳ್ಳತನ ಅಂತ ಆಗಬಾರದು. ನಾನು ಒಂದು ಓವರ್‌ಫ್ಲೋ ಡಬ್ಬದ ಅಚ್ಚಿಗೆ ಸಾಲ ಮಾಡಿ ದುಡ್ಡು ಹಾಕಿದೆ. ಆರು ತಿಂಗಳಲ್ಲಿ ಅದೇ ಡಬ್ಬ ನನ್ನ ಅರ್ಧ ಬೆಲೆಗೆ ಬೇರೆ ಕಡೆಯಿಂದ ಬಂತು. ನನಗೆ ಆಗ ಯಾರೂ ಬರಲಿಲ್ಲ. ಹವ್ಯಾಸಿಗಳಿಗೆ ಸಂಬಳ ಬೇರೆ ಕಡೆ ಬರುತ್ತದೆ, ಪುಕ್ಕಟೆ ಕೊಡಬಹುದು. ನಮಗೆ ಇದೇ ಅನ್ನ.

ಸ್ವಂತ ಬುದ್ಧಿಯಿಂದ ಮಾಡಿದವನಿಗೆ ಅರ್ಜಿ ಹಾಕಲು ಎಷ್ಟಾಗುತ್ತದೆ, ಮೇಡಂ? ಕೇಳುವವರಿಗೂ ಗೊತ್ತಾಗಲಿ.

ಹಸಿರು_ಶಾಯಿ:

ನಿಮ್ಮ ಮಾತು ನ್ಯಾಯವಾಗಿದೆ. ಒಬ್ಬ ವ್ಯಕ್ತಿ ಸ್ವಂತ ಹೆಸರಿನಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ 1,600 ರೂಪಾಯಿ, ಪರಿಶೀಲನೆಗೆ ಕೋರಿಕೆ ಇನ್ನೂ 4,000. ನಮ್ಮದು ಚೆನ್ನೈ ಕಚೇರಿಯ ವ್ಯಾಪ್ತಿ. ಏಜೆಂಟರ ಫೀಸು ಬೇರೆ, ಅದೇ ದೊಡ್ಡದು. ನಿಮ್ಮ ಡಬ್ಬದ ಆಕಾರವೇ ಹೊಸದಾಗಿದ್ದರೆ ಪೇಟೆಂಟ್ ಬದಲು 2000ದ ವಿನ್ಯಾಸ ಕಾಯ್ದೆಯಲ್ಲಿ ನೋಂದಣಿ ಮಾಡಿಸಬಹುದಿತ್ತು, ಅದು ಸುಲಭ. ಮುಂದಿನ ಅಚ್ಚಿಗೆ ನೆನಪಿಡಿ. ಎರಡಕ್ಕೂ ಒಂದೇ ಎಚ್ಚರಿಕೆ: ಮೊದಲು ಅರ್ಜಿ, ಆಮೇಲೆ ಫೋಟೋ. ಅಮೆರಿಕದಲ್ಲಿ ತಾವೇ ಬಹಿರಂಗ ಮಾಡಿದ ಮೇಲೂ ಪೇಟೆಂಟ್ ಅರ್ಜಿ ಹಾಕಲು ಒಂದು ವರ್ಷ ಸಮಯ ಕೊಡುತ್ತಾರೆ. ನಮ್ಮಲ್ಲಿ ಕೆಲವು ವಿಶೇಷ ಸಂದರ್ಭ ಬಿಟ್ಟರೆ ಹಾಗಿಲ್ಲ. ನೀವೇ ತೋರಿಸಿದರೂ ಹೊಸತನ ಹೋಯಿತು.

ಕುಣಿಗಲ್_ಕೋಡಿ:

ಎಲ್ಲರಿಗೂ ತುಂಬಾ ಧನ್ಯವಾದ. ಗಾಜು_ಅಂಟು ಅಣ್ಣಾ, ನಿಮ್ಮ ಕಷ್ಟ ಅರ್ಥವಾಗುತ್ತದೆ. ನಿಮ್ಮ ಅಚ್ಚನ್ನು ಕದ್ದವರೂ ನನ್ನ ಕ್ಯಾಪನ್ನು ತೆಗೆದುಕೊಂಡವರೂ ನನಗೆ ಬೇರೆ ಬೇರೆ ಕಾಣುವುದಿಲ್ಲ.

ಮೇಡಂ ಹೇಳಿದ ಹಾಗೆ ಹುಡುಕಿದೆ. ಅರ್ಜಿ ಇದೆ. 2023ರ ಜುಲೈನಲ್ಲಿ ಹಾಕಿದ್ದಾರೆ, ಪ್ರಕಟವಾಗಿದೆ, ಇನ್ನೂ ಮಂಜೂರಾಗಿಲ್ಲ. ಮೊದಲ ಕ್ಲೇಮ್ ಓದಿದರೆ ಒಂದು ಡಬ್ಬ, ಎರಡು ಅಥವಾ ಜಾಸ್ತಿ ಪೈಪು, ಗಾಳಿಯ ಟ್ಯೂಬ್, ನೀರು ಏರಿದಾಗ ಟ್ಯೂಬ್ ಮುಚ್ಚುವುದು. ಇದು ಬೀನ್‌ಆ್ಯನಿಮಲ್ ಪೈಪೇ! ಇದಕ್ಕೆ ಹಕ್ಕು ಕೊಟ್ಟರೆ ದೇಶದಲ್ಲಿ ಮೂರು ಪೈಪ್ ಹಾಕಿರುವ ಎಲ್ಲರೂ ತಪ್ಪಿತಸ್ಥರಾಗುತ್ತಾರೆ. ಗ್ರೋಮೆಟ್, ಬೋರಲು ಕ್ಯಾಪ್ ನಾಲ್ಕನೇ ಕ್ಲೇಮಿನಲ್ಲಿದೆ. ಚಿತ್ರದಲ್ಲಿ ಕ್ಯಾಪಿನ ಒಂದು ಬದಿಗೆ ಸಣ್ಣ ಚೂರು ಕತ್ತರಿಸಿದ ಗುರುತಿದೆ. ಅದು ನನ್ನ ಹ್ಯಾಕ್ಸಾ ಬ್ಲೇಡ್ ಜಾರಿ ಆದದ್ದು. ಅದಕ್ಕೆ ಯಾವ ಉಪಯೋಗವೂ ಇಲ್ಲ. ಅದನ್ನೂ ಬಿಡದೆ ಬರೆದಿದ್ದಾರೆ.

ಇನ್ನು ಸಾಕ್ಷಿ. ಹೆಂಡತಿ ನೆನಪಿಸಿದಳು. 2022ರ ಜೂನ್‌ನಲ್ಲಿ ಅವಳ ತಮ್ಮ ರಜಕ್ಕೆ ಬಂದಿದ್ದಾಗ ಮೂರು ನಿಮಿಷದ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಿದ್ದ. ನೋಡಿದವರು 240 ಜನ. ಅದರಲ್ಲಿ ನಾನು ಟ್ಯೂಬ್ ಜಾರಿಸಿ, ಸೈಫನ್ ಪೈಪಿನ ಬಾಯಿಗೆ ಕೈ ಅಡ್ಡ ಹಿಡಿದು, ಎರಡನೆಯದು ಹಿಡಿಯುವುದನ್ನು ತೋರಿಸಿದ್ದೇನೆ. ಬ್ಲೇಡ್ ಗುರುತೂ ಕಾಣುತ್ತದೆ. ಮತ್ತೆ 2022ರ ಡಿಸೆಂಬರ್‌ನಲ್ಲಿ ವಿಜಯನಗರದ ಒಂದು ದಂತ ಚಿಕಿತ್ಸಾಲಯದ ಟ್ಯಾಂಕಿಗೆ ಇದನ್ನೇ ಕೂರಿಸಿದ್ದೆ. ಕಾಯುವ ಜಾಗದಲ್ಲಿ ಟ್ಯಾಂಕ್ ಇದೆ, ಡಬ್ಬ ಪಾರದರ್ಶಕ, ಬಂದವರೆಲ್ಲ ನೋಡುತ್ತಾರೆ. ಡಾಕ್ಟರ್ ಹಳೆಯ ಫೋಟೋ ಕೊಡಲು ಒಪ್ಪಿದ್ದಾರೆ.

ಹಸಿರು_ಶಾಯಿ:

ವಿಡಿಯೋ ಇದ್ದರೆ ಸಾಕು, ನಿಮ್ಮ ಕೈ ಗಟ್ಟಿಯಾಯಿತು. ಅವರ ಅರ್ಜಿಗಿಂತ 13 ತಿಂಗಳು ಮೊದಲಿನದು, ಯಾರು ಬೇಕಾದರೂ ನೋಡಬಹುದಾದದ್ದು. ಅದನ್ನು ಅಳಿಸಬೇಡಿ, ಹೆಸರು ಬದಲಿಸಬೇಡಿ, ಎಡಿಟ್ ಮಾಡಬೇಡಿ. ಪುಟವನ್ನು ತಾರೀಖು ಕಾಣುವ ಹಾಗೆ ಉಳಿಸಿಕೊಳ್ಳಿ. ಬಾಮೈದನೂ ಡಾಕ್ಟರೂ ಅಫಿಡವಿಟ್ ಕೊಡಲಿ. ಬೀನ್‌ಆ್ಯನಿಮಲ್ ಬರಹದ ಹಳೆಯ ಪ್ರತಿ ಮೊದಲ ಕ್ಲೇಮಿಗೆ, ನಿಮ್ಮ ವಿಡಿಯೋ ನಾಲ್ಕನೆಯದಕ್ಕೆ. ಯಾವುದು ಯಾವುದಕ್ಕೆ ಅಂತ ಪಟ್ಟಿ ಮಾಡಿ ಕೊಟ್ಟರೆ ಓದುವವರಿಗೆ ಸುಲಭ. ಕರಡು ಬರೆದು ನನಗೆ ಖಾಸಗಿಯಾಗಿ ಕಳಿಸಿ, ನೋಡಿಕೊಡುತ್ತೇನೆ. ಫೀಸು ಬೇಡ. ನನ್ನ ಮನೆಯಲ್ಲೂ ಒಂದು ಟ್ಯಾಂಕ್ ಇದೆ, ಅದು ಇನ್ನೂ ಡರ್ಸೊ ಪೈಪಿನಲ್ಲಿ ಗೊರಗುಟ್ಟುತ್ತಿದೆ.

ಇನ್ನೊಂದು. ಅಳತೆಗಳನ್ನು ಇಲ್ಲಿ ಬರೆದುಬಿಡಿ. ಈ ಅರ್ಜಿಯ ಮೇಲೆ ಅದು ಪರಿಣಾಮ ಮಾಡುವುದಿಲ್ಲ, ಅವರ ತಾರೀಖು ಹಿಂದಿನದು. ಆದರೆ ನಾಳೆ ಇನ್ನೊಬ್ಬರು ಬಂದರೆ ಇದು ಉತ್ತರ ಆಗುತ್ತದೆ.

ನೀರುಗಂಟಿ:

ಬರೆಯಿರಿ ತಮ್ಮಾ. ನಾನೂ ಮಾಡುತ್ತೇನೆ.

ಕುಣಿಗಲ್_ಕೋಡಿ:

ಆಗಲಿ. ಮೇಡಂ, ಭಾನುವಾರ ಕರಡು ಕಳಿಸುತ್ತೇನೆ. ಆ ಹುಡುಗನಿಗೂ ಫೋನ್ ಮಾಡಿ ಈ ಮಾತುಕತೆ ಓದಲು ಹೇಳಿದೆ. ನಿಂತಿದ್ದ ನಾಲ್ಕನೆಯದನ್ನು ಮುಗಿಸುತ್ತಾನಂತೆ.

ಅಳತೆ ಹೀಗಿದೆ, ಯಾರು ಬೇಕಾದರೂ ಮಾಡಿಕೊಳ್ಳಿ, ಮಾರಿಕೊಳ್ಳಿ. ಮೂರೂ ಪೈಪ್ 40 ಎಂಎಂ ಪಿವಿಸಿ, ಗಾಜಿಗೆ ಟ್ಯಾಂಕ್ ನಿಪ್ಪಲ್. ಸೈಫನ್ ಪೈಪಿಗೆ ಗೇಟ್ ವಾಲ್ವ್, ಅದರ ಮೇಲೊಂದು ಯೂನಿಯನ್, ಬಿಚ್ಚಿ ತೊಳೆಯಲು. ಸೈಫನ್ ಪೈಪಿನ ಕೆಳತುದಿ ಸಂಪಿನ ನೀರಿನೊಳಗೆ 2 ಸೆಂಟಿಮೀಟರ್ ಮಾತ್ರ ಮುಳುಗಿರಲಿ. ಜಾಸ್ತಿ ಮುಳುಗಿದರೆ ಕರೆಂಟ್ ಹೋಗಿ ಬಂದಾಗ ಒಳಗಿನ ಗಾಳಿ ಹೊರಗೆ ಹೋಗುವುದಿಲ್ಲ, ಸೈಫನ್ ಹಿಡಿಯುವುದಿಲ್ಲ. ಕರೆಂಟ್ ಹೋದಾಗ ಮೇಲಿನ ನೀರು ಎಷ್ಟು ಇಳಿಯುತ್ತದೆ ಅಂತಲೂ ಲೆಕ್ಕ ಹಾಕಿ. ನನ್ನ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಅಂದರೆ ಸುಮಾರು 7.5 ಲೀಟರ್. ಮೂರು ಸೆಂಟಿಮೀಟರ್ ಇಳಿದರೆ ಸಂಪಿನಲ್ಲಿ 22 ಲೀಟರಿಗೆ ಖಾಲಿ ಜಾಗ ಬೇಕು.

ಎರಡನೇ ಪೈಪಿನ ತಲೆಯ ಕ್ಯಾಪಿಗೆ ನಿಮ್ಮ ಗ್ರೋಮೆಟ್ ಬಿಗಿಯಾಗಿ ಕೂರುವಷ್ಟು ತೂತು, ಅದರಲ್ಲಿ 6 ಎಂಎಂ ಡ್ರಿಪ್ ಟ್ಯೂಬ್. ಟ್ಯೂಬ್ ಮೇಲೆ ಹೋಗಿ ಬಾಗಿ ಕೆಳಗೆ ಬರಬೇಕು. ತುದಿಗೆ 40 ಎಂಎಂ ಎಂಡ್ ಕ್ಯಾಪ್ ಬೋರಲಾಗಿ. ಟ್ಯೂಬ್ ಕ್ಯಾಪಿನ ನೆತ್ತಿಯಿಂದ ಒಳಗೆ 5 ಎಂಎಂ ಮಾತ್ರ ಇಳಿದಿರಲಿ. ಕ್ಯಾಪಿನ ಬಾಯಿ ಮಾಮೂಲಿ ನೀರಿನ ಮಟ್ಟಕ್ಕಿಂತ 15 ಎಂಎಂ ಮೇಲೆ. ಆಪತ್ತಿನ ಪೈಪಿನ ಬಾಯಿ ಅದಕ್ಕಿಂತ 20 ಎಂಎಂ ಮೇಲೆ, ಟ್ಯಾಂಕಿನ ಅಂಚಿಗಿಂತ ಚೆನ್ನಾಗಿ ಕೆಳಗೆ. ಬ್ಲೇಡ್ ಗುರುತು ಬೇಕಾಗಿಲ್ಲ.

ಬೋರಲು ಕ್ಯಾಪಿಗೆ ಸಾಲ್ವೆಂಟ್ (ಪಿವಿಸಿ ಅಂಟು) ಹಾಕಬೇಡಿ. ಮೂರು ತಿಂಗಳಿಗೊಮ್ಮೆ ಕೈಯಲ್ಲಿ ಎಳೆದು ತೆಗೆದು, ಬಿಸಿನೀರಿನಲ್ಲಿ ಅದ್ದಿ, ಉಪ್ಪು ಕರಗಿದ ಮೇಲೆ ಮತ್ತೆ ಸಿಕ್ಕಿಸಿ. ಸಿಕ್ಕಿಸಿದ ಮೇಲೆ ಸೈಫನ್ ಪೈಪಿನ ಬಾಯಿಗೆ ಒಮ್ಮೆ ಅಂಗೈ ಅಡ್ಡ ಹಿಡಿದು, ಎರಡನೆಯದು ಹಿಡಿಯುತ್ತದೆಯೇ ನೋಡಿಕೊಳ್ಳಿ.